ಬಿಸಿಲು ಹುಡುಕಿಕೊಂಡು ಸಂತೆಗೆ ಹೋದ ಸೇತುವೆ

ಕಂಪ್ಯೂಟರಿನಲ್ಲಿ ನಕ್ಷೆ ಬಿಡಿಸುವುದನ್ನು ಕಲಿಸುತ್ತ ನನ್ನ ಅರ್ಧ ಆಯುಷ್ಯ ಕಳೆಯಿತು. ತರಗತಿಯ ಮೊದಲ ದಿನ ಯಾರಾದರೊಬ್ಬರು ಕೇಳಿಯೇ ಕೇಳುತ್ತಿದ್ದರು: "ಮೇಡಂ, ನೀವು ಮೊದಲು ಕಲಿತದ್ದು ಯಾವ ಸಾಫ್ಟ್‌ವೇರ್?" ಒಂದೊಂದು ವರ್ಷ ಒಂದೊಂದು ಹೆಸರು ಹೇಳಿದ್ದೇನೆ. ನಿಜ ಹೇಳಬೇಕೆಂದರೆ ನಾನು ಮೊದಲು ಕಲಿತದ್ದು ಬಿಸಿಲಿಗೆ ಕಾಯುವುದನ್ನು.

ಕೊಡಗು ಮೈಸೂರು ರಾಜ್ಯಕ್ಕೆ ಸೇರಿದ ಹೊಸತು. ಮಡಿಕೇರಿಯ ಒಂದು ಸರ್ಕಾರಿ ಕಚೇರಿಯ ನಕ್ಷೆ ವಿಭಾಗದಲ್ಲಿ ನಾನು ತಾತ್ಕಾಲಿಕ ಟ್ರೇಸರ್. ಹೆಡ್ ಡ್ರಾಫ್ಟ್ಸ್‌ಮನ್ ದಪ್ಪ ಕಾಗದದ ಮೇಲೆ ಪೆನ್ಸಿಲಿನಲ್ಲಿ ನಕ್ಷೆ ಬರೆಯುತ್ತಿದ್ದರು. ಅದರ ಮೇಲೆ ಗಂಜಿ ಹಾಕಿದ ಪಾರದರ್ಶಕ ಬಟ್ಟೆ ಹಾಸಿ, ಅವರ ಗೆರೆಗಳನ್ನು ಕಪ್ಪು ಶಾಯಿಯಲ್ಲಿ ಎಳೆಯುವುದು ನನ್ನ ಕೆಲಸ. ನಾಪೋಕ್ಲಿನ ಕಡೆಯ ನಮ್ಮ ಮನೆಯಲ್ಲಿ ಇದನ್ನು ವಿವರಿಸಿದಾಗ ಅವ್ವ ಕೇಳಿದ್ದು ಒಂದೇ ಮಾತು: "ಅವರು ಎಳ್ದ ಗೆರೆನ ಮತ್ತೆ ಎಂಥಕೆ ಮಗಾ ಎಳಿಯದು?"

ಹೆಂಗಸರು ಆ ಕೋಣೆಯಲ್ಲಿ ಅದುವರೆಗೆ ಕೂತದ್ದಿಲ್ಲ. ಕಚೇರಿಯ ಎಂಜಿನಿಯರರು ನನ್ನನ್ನು ನೋಡದೆ, ನನ್ನ ಹಿಂದಿನ ಗೋಡೆಯನ್ನು ನೋಡುತ್ತ ಹೇಳಿದ್ದರು: "ಈ ಕಾಲುಸೇತುವೆಯ ಹಾಳೆ ಮಾಡಲಿ. ಸರಿಯಾಗಿದ್ದರೆ ಇರಲಿ. ಇಲ್ಲದಿದ್ದರೆ ಮನೆಗೆ ಹೋಗಲಿ." ಆ ಮಾತು ಮಾತ್ರ ನನ್ನ ನೆನಪಿನಲ್ಲಿ ಅಳ್ಳಾಡದೆ ಕೂತಿದೆ. ಉಳಿದದ್ದರಲ್ಲಿ ಎಷ್ಟು ಆ ದಿನದ್ದು, ಎಷ್ಟು ನಾನು ಆಮೇಲೆ ತರಗತಿಗಳಲ್ಲಿ ಹೇಳಿ ಹೇಳಿ ಬೆಳೆಸಿದ್ದು ಎಂದು ಬಿಡಿಸಿ ಹೇಳಲಾರೆ.

ನಾನು ಟ್ರೇಸ್ ಮಾಡಿ ಮುಗಿಸಿದೆ. ಇನ್ನು ಅದರ ಪ್ರಿಂಟ್ ಆಗಬೇಕು. ಆಗ ಪ್ರಿಂಟ್ ಎಂದರೆ ಹೀಗೆ: ಗಾಜಿನ ಚೌಕಟ್ಟಿನೊಳಗೆ ಮೊದಲು ನನ್ನ ಬಟ್ಟೆ, ಅದರ ಅಡಿಯಲ್ಲಿ ಔಷಧಿ ಸವರಿದ ಹಳದಿ ಕಾಗದ. ಬಿಸಿಲಿಗೆ ಇಡಬೇಕು. ಗೆರೆ ಇರುವಲ್ಲಿ ಬಿಸಿಲು ತಾಗುವುದಿಲ್ಲ; ಇಲ್ಲದ ಕಡೆಯೆಲ್ಲ ತಾಗುತ್ತದೆ. ಆಮೇಲೆ ನೀರಿಗೆ ಹಾಕಿದರೆ ನೀಲಿ ಹಾಳೆಯ ಮೇಲೆ ಬಿಳಿ ಗೆರೆ. ಇಷ್ಟೇ. ಆದರೆ ಜುಲೈ ತಿಂಗಳ ಮಡಿಕೇರಿಯಲ್ಲಿ ಬಿಸಿಲನ್ನು ಎಲ್ಲಿಂದ ತರುವುದು? ಕಿಟಕಿಯ ಬಳಿ ಇಟ್ಟು ನೋಡಿದೆವು, ಬೂದು ಬಣ್ಣ ಬಂತು. ಡಬ್ಬಿಯಲ್ಲಿ ಉಳಿದದ್ದು ಒಂದೇ ಹಾಳೆ. ಸೋಮವಾರ ಎಂಜಿನಿಯರರು ಪ್ರಿಂಟ್ ಹಿಡಿದು ಮಂಜೂರಾತಿಗೆಂದು ಮೈಸೂರಿಗೆ ಹೊರಡುವವರು.

"ಉತ್ತರಕ್ಕೆ ಹೋದ್ರೆ ಬಿಸಿಲುಂಟಮ್ಮಾ," ಎಂದರು ಹೆಡ್ ಡ್ರಾಫ್ಟ್ಸ್‌ಮನ್. ಅವರ ಮನೆಮಾತು ತಮಿಳು. ಕನ್ನಡವನ್ನು ಅವರು ನೇರ ಗೆರೆ ಎಳೆಯುವ ಟೀ ಸ್ಕ್ವೇರ್ ಪಟ್ಟಿ ಹಿಡಿದಂತೆ ನೇರವಾಗಿ ಹಿಡಿಯುತ್ತಿದ್ದರು. "ಶನಿವಾರಸಂತೆ ಊರಿಗೆ ಹೋಗುವ. ನಾಳೆ ಶನಿವಾರ, ಸಂತೆಯ ದಿನವೇ."

ಮೂಲ ಬಟ್ಟೆ ಕಚೇರಿಯ ಹೊಸಿಲು ದಾಟಬಾರದೆಂಬ ನಿಯಮವಿತ್ತು. ನಾವು ಅದನ್ನು ತಗಡಿನ ಕೊಳವೆಯಲ್ಲಿ ತುಂಬಿ ಬಸ್ಸು ಹತ್ತಿಸಿದೆವು. ಗಾಜಿನ ಚೌಕಟ್ಟು ಗೋಣಿಯಲ್ಲಿ ಸುತ್ತಿ ನಮ್ಮಿಬ್ಬರ ಮೊಣಕಾಲಿನ ಮೇಲೆ.

ಕಂಡಕ್ಟರ್ ಬಂದು ತಟ್ಟಿ ನೋಡಿದ. "ಏನ್ ಸಾರ್, ಕನ್ನಡಿಯಾ? ಮದುವೆ ಮನೆಗಾ?"

"ಇಲ್ಲಪ್ಪಾ, ಬಿಸಿಲಿಗೆ."

"ಬಿಸಿಲಿಗೆ ಎಲ್ಲಿವರೆಗೆ ಟಿಕೆಟ್ ಹರೀಲಿ ಸಾರ್?"

ಬಸ್ಸೆಲ್ಲ ನಕ್ಕಿತು. ನಾನು ನಗಲಿಲ್ಲ. ಒಂದು ಹನಿ ನೀರು ಬಿದ್ದರೂ ಆ ಬಟ್ಟೆಯ ಗಂಜಿ ಕರಗುತ್ತದೆ, ಜೊತೆಗೆ ನನ್ನ ಕೆಲಸವೂ.

ಸೋಮವಾರಪೇಟೆ ದಾಟಿದ ಮೇಲೆ ಮಳೆ ತೆಳುವಾಯಿತು. ಸಂತೆಯಲ್ಲಿ ಇಳಿದಾಗ ಮೋಡದ ನಡುವೆ ನಾಲ್ಕಾರು ಕಡೆ ತೂತು ಬಿದ್ದಿತ್ತು. ಕುಡುಗೋಲು, ಗುದ್ದಲಿ, ಕೊಡಲಿ, ದೊಡ್ಡ ಬಾಣಲೆ ಹರವಿಕೊಂಡು ಕೂತಿದ್ದ ಒಬ್ಬ ಮುದುಕ ತನ್ನ ಗೋಣಿಯನ್ನು ಸರಿಸಿ ನಮಗೆ ಜಾಗ ಕೊಟ್ಟ. ಚೌಕಟ್ಟಿನೊಳಗೆ ಬಟ್ಟೆಯನ್ನೂ ಉಳಿದಿದ್ದ ಒಂದೇ ಹಾಳೆಯನ್ನೂ ಹೊಂದಿಸಿ ಎರಡು ಇಟ್ಟಿಗೆಯ ಮೇಲೆ ಇಟ್ಟೆವು. ಜನ ಸುತ್ತಿಕೊಂಡರು.

"ಎಷ್ಟಕ್ ಕೊಡ್ತೀರಾ ಗಾಜ್ನ?"

"ಮಾರಾಕಲ್ಲ ಕಣೋ, ಪಟ ತೆಗೀತಾರಂತೆ."

"ಯಾರ್ದು ಪಟ?"

"ಸೇತುವೆದು," ಎಂದೆ ನಾನು.

"ಎಲ್ಲೈತವ್ವ ಸೇತುವೆ?"

"ಇನ್ನೂ ಕಟ್ಟಿಲ್ಲ."

ಪ್ರಶ್ನೆ ಕೇಳಿದವನು ಪಕ್ಕದವನ ಮುಖ ನೋಡಿದ. "ಕಟ್ದೇ ಇರೋದ್ರ ಪಟನಾ! ಹಂಗಾರೆ ಹುಟ್ದೇ ಇರೋ ನನ್ ಮೊಮ್ಮಗಂದೂ ಒಂದ್ ತೆಗ್ದುಬಿಡವ್ವ." ಮತ್ತೆ ನಗು. ಈಗ ಯೋಚಿಸಿದರೆ, ನನ್ನ ವೃತ್ತಿಯನ್ನು ಅದಕ್ಕಿಂತ ಚೆನ್ನಾಗಿ ಯಾರೂ ವಿವರಿಸಿಲ್ಲ.

ತೊಳೆಯಲು ನೀರು ಬೇಕಿತ್ತು. ಮೋಡ ಮತ್ತೆ ಮುಚ್ಚಿಕೊಂಡಿದ್ದರಿಂದ ನಾನೂ ನಮ್ಮ ಹೆಡ್ ಡ್ರಾಫ್ಟ್ಸ್‌ಮನ್ ಸಾರೂ ಒಂದು ಬಕೆಟ್ ಎರವಲು ಪಡೆದು ಬಾವಿಗೆ ಹೋದೆವು. ಕಬ್ಬಿಣದ ಸಾಮಾನಿನ ಮುದುಕನಿಗೆ ಸಾರ್ ಹೇಳಿದರು, "ಸ್ವಲ್ಪ ನೋಡ್ಕೊಳ್ಳಿ."

ಬಾವಿಕಟ್ಟೆಯಲ್ಲಿದ್ದಾಗ ಬಿಸಿಲು ಬಂತು. ಬಂತು ಎಂದರೆ ಸಾಲದು. ವಾರಗಟ್ಟಲೆ ಮಂಜಿನಲ್ಲಿದ್ದ ನನಗೆ ಯಾರೋ ಬೆನ್ನಿಗೆ ಅಂಗೈ ಇಟ್ಟಂತಾಯಿತು. ಇಡೀ ಸಂತೆ ಒಮ್ಮೆ ಸುಮ್ಮನಾಗಿ ಮೇಲೆ ನೋಡಿತು ಎಂದು ನನ್ನ ನೆನಪು ಹೇಳುತ್ತದೆ. ಸಂತೆ ಸುಮ್ಮನಾಗುವುದುಂಟೇ? ಬಹುಶಃ ನಾನೊಬ್ಬಳೇ ನೋಡಿದ್ದೆ.

ನೀರು ತುಳುಕಿಸುತ್ತ ಓಡಿ ಬಂದರೆ, ಗಾಜಿನ ನಟ್ಟ ನಡುವೆ ಒಂದು ಕುಡುಗೋಲು ಮಲಗಿತ್ತು.

"ಅಯ್ಯೋ! ಇದ್ಯಾಕೆ ಇಟ್ರಿ?"

"ಗಾಳಿ ಬಂತು ಕಣವ್ವ," ಎಂದ ಮುದುಕ, ಒಳ್ಳೆಯ ಕೆಲಸ ಮಾಡಿದವನ ಮುಖದಲ್ಲಿ. "ನಿಮ್ ಬಟ್ಟೆ ಹಾರೋದ್ರೆ ಅಂತ ಭಾರಕ್ ಮಡಗ್ದೆ."

ಸಂತೆಯಲ್ಲಿ ಹರವಿದ್ದಕ್ಕೆಲ್ಲ ಏನಾದರೊಂದು ಭಾರ ಇಡುತ್ತಾರೆ. ಅವನು ನಂಬಿಕೆಯಿಂದ ನೋಡಿಕೊಂಡಿದ್ದ. ಆದರೆ ಹಾಳೆ ಆಗಲೇ ಕಂಚಿನ ಬಣ್ಣಕ್ಕೆ ತಿರುಗಿತ್ತು. ಇನ್ನಷ್ಟು ಹೊತ್ತು ಇಟ್ಟರೆ ಗೆರೆಗಳೂ ಸುಟ್ಟುಹೋಗುತ್ತವೆ. ಸಾರ್ ಚೌಕಟ್ಟು ಬಿಚ್ಚಿ ಹಾಳೆಯನ್ನು ಮುದುಕನ ಕಬ್ಬಿಣದ ಬಾಣಲೆಯಲ್ಲಿಟ್ಟರು. ನಾನು ನೀರು ಸುರಿದೆ.

ಆ ಹೊತ್ತನ್ನು ಹೇಗೆ ಬರೆಯಲಿ? ಮೊದಲು ಕೊಳೆ ನೀರಿನಂಥ ಹಳದಿ ಹರಿದುಹೋಯಿತು. ಅದರ ಅಡಿಯಿಂದ ನೀಲಿ ಎದ್ದು ಬಂತು, ಎಲ್ಲ ಕಡೆಯಿಂದ ಒಟ್ಟಿಗೆ. ನನ್ನ ಕಪ್ಪು ಗೆರೆಗಳು ಬೆಳ್ಳಗಾಗಿ ನಿಂತವು: ಕಂಬ, ಹಲಗೆ, ಕೈಕಂಬಿ, ನೀರಿನ ಮಟ್ಟ. ಯಾರೂ ದಾಟದ ಸೇತುವೆಯೊಂದು ಬಾಣಲೆಯ ನೀರಿನೊಳಗೆ ನಡುಗುತ್ತಿತ್ತು. ಅದರ ನಡುಗಂಬವನ್ನು ಕಚ್ಚಿಕೊಂಡು, ಹಿಡಿಯ ಉಂಗುರದ ಸಮೇತ, ಅಚ್ಚ ಬಿಳಿಯ ಕುಡುಗೋಲು. ನನ್ನ ಕೈಯಲ್ಲಿ ಅಷ್ಟು ಚೊಕ್ಕ ಅಂಚು ಎಂದೂ ಬಂದಿರಲಿಲ್ಲ. ನನಗೆ ಸಿಟ್ಟು ಬರಬೇಕಿತ್ತು; ಬಾಯಿ ತೆರೆದು ನೋಡುತ್ತ ನಿಂತೆ.

"ನಂದೇ ಕಣ್ರಲಾ ಅದು!" ಮುದುಕ ಜನರನ್ನು ಕರೆದು ತೋರಿಸಿದ. "ನಂದೇ ಕುಡ್ಲು!"

ಸಾರ್ ಕಲ್ಲಿನ ಮೇಲೆ ಕೂತುಬಿಟ್ಟರು. "ಮುಗೀತಮ್ಮಾ. ಹಾಳೆ ಇನ್ನೊಂದಿಲ್ಲ. ಎಂಜಿನಿಯರ್ ಹತ್ರ ನಾನೇ ಹೇಳ್ತೇನೆ."

"ಹೇಳಿದ್ರೆ ನನ್ನನ್ನ ಇಟ್ಕೊಳ್ತಾರಾ ಸಾರ್?"

ಅವರು ಕೂತಲ್ಲೇ ಚೌಕಟ್ಟನ್ನು ಗೋಣಿಯಲ್ಲಿ ಸುತ್ತತೊಡಗಿದರು. ನಾನು ಹಾಳೆಯನ್ನೇ ನೋಡುತ್ತಿದ್ದೆ. ಕುಡುಗೋಲಿನೊಳಗೆ ಗೆರೆಗಳಿರಲಿಲ್ಲ, ಆದರೆ ಅದರ ಎರಡೂ ಬದಿಗೆ ಬಂದು ನಿಂತಿದ್ದವು, ಹೊಳೆಯ ಎರಡು ದಡದಲ್ಲಿ ನಿಂತವರ ಹಾಗೆ.

"ಬಿಳಿ ಜಾಗದಲ್ಲಿ ನೀಲಿ ಶಾಯಿಯಲ್ಲಿ ಎಳೆದ್ರೆ ಸಾರ್?"

"ಉಲ್ಟಾ ಆಗ್ತದೆ."

"ಗೆರೆ ಗೆರೆಯೇ ಅಲ್ವಾ?"

 ಅವರು ಜೇಬಿನಿಂದ ಗೆರೆ ಎಳೆಯುವ ತಮ್ಮ ರೂಲಿಂಗ್ ಪೆನ್ ತೆಗೆದರು. ಅದನ್ನು ಅವರು ಯಾರ ಕೈಗೂ ಕೊಡುತ್ತಿರಲಿಲ್ಲ. "ಟ್ರೇಸ್ ಮಾಡಿದ್ದು ನೀನು. ನೀನೇ ಎಳಿ. ಮೂಲೇಲಿ ಮೊದ್ಲು ನೋಡು, ಶಾಯಿ ಹರಡ್ತದಾ ಅಂತ."

ಅಂಗಡಿಯಿಂದ ನೀಲಿ ಶಾಯಿ ತಂದೆವು. ಹಾಳೆ ಒಣಗಿತು. ಮುದುಕ ತನ್ನ ಮರದ ಪೆಟ್ಟಿಗೆಯನ್ನು ಬೋರಲು ಹಾಕಿ ಮೇಜು ಮಾಡಿದ, ಕೊಡೆ ಹಿಡಿದು ನಿಂತ, ನೊಣ ಹೊಡೆದ, ಬಗ್ಗಿದವರನ್ನು ಬೈದ: "ದೂರ ನಿಂತ್ಕಳ್ರೋ, ಅವ್ವ ಉಸ್ರೇ ಬಿಡ್ತಿಲ್ಲ, ನಿಮ್ದೊಂದು!" ನಾನು ಬಟ್ಟೆಯನ್ನು ಪಕ್ಕದಲ್ಲಿಟ್ಟುಕೊಂಡು ಅಳೆದು ಎಳೆದೆ. ಕಪ್ಪಿದ್ದದ್ದು ಬಿಳಿಯಾಗಿ, ಬಿಳಿಯಾದದ್ದು ನೀಲಿಯಾಗಿ, ಕಂಬ ಮಾತ್ರ ಕಂಬವೇ ಆಗಿ ಉಳಿಯಿತು. ಬಣ್ಣಕ್ಕೂ ಗೆರೆಗೂ ಸಂಬಂಧವೇ ಇಲ್ಲವೆಂದು ತಿಳಿದಾಗ ನನ್ನ ಮೈ ಜುಮ್ಮೆಂದಿತು.

ಬಹಳ ವರ್ಷಗಳ ಮೇಲೆ, ಕಂಪ್ಯೂಟರಿನ ಕಪ್ಪು ಪರದೆಯ ಮೇಲೆ ಗೆರೆಯೆಂದರೆ ಎರಡು ಬಿಂದು ಮಾತ್ರ, ಅದಕ್ಕೆ ಸ್ವಂತ ಬಣ್ಣವಿಲ್ಲ, ದಪ್ಪವಿಲ್ಲ ಎಂದು ತರಬೇತಿಯಲ್ಲಿ ಹೇಳಿಕೊಟ್ಟರು. ಆಗ ಈ ಸಂತೆ ನೆನಪಾಯಿತು ಎಂದು ಬರೆದರೆ ಚೆನ್ನಾಗಿರುತ್ತದೆ. ನೆನಪಾಗಲಿಲ್ಲ. ಆ ದಿನ ನನಗೆ ಹಸಿವಾಗಿತ್ತು. ಆದರೂ ಪರದೆಯ ಮೇಲೆ ಮೊದಲ ಗೆರೆ ಮೂಡಿದಾಗ ಉಸಿರು ನಿಂತದ್ದು ನಿಜ.

ಸೋಮವಾರ ಬೆಳಿಗ್ಗೆ ಎಂಜಿನಿಯರರ ಮೇಜಿನ ಮೇಲೆ ಹಾಳೆ ಬಿಡಿಸಿದೆವು. ಅವರು ಕನ್ನಡಕ ಏರಿಸಿದರು.

"ಇದೇನ್ರೀ? ಕುಡುಗೋಲು ಅಲ್ವಾ?"

"ಹೌದು ಸಾರ್," ಎಂದರು ಹೆಡ್ ಡ್ರಾಫ್ಟ್ಸ್‌ಮನ್, ಎಲ್ಲ ನಕ್ಷೆಯಲ್ಲೂ ಒಂದು ಇರುತ್ತದೆ ಎಂಬಂತೆ. "ಬಿಸಿಲಿಗೆ ಇಟ್ಟಾಗ ಗಾಜಿನ ಮೇಲೆ ಬಂತು. ಒಳಗಿನ ಗೆರೆ ಈ ಹುಡುಗಿ ಎಳೆದದ್ದು. ಸಂತೆಯಲ್ಲಿ ಕೂತು."

ಎಂಜಿನಿಯರರು ಉದ್ದನೆಯ ಅಡಿಪಟ್ಟಿ ತೆಗೆದು ಕಂಬದ ಗೆರೆಗೆ ಹೊಂದಿಸಿದರು. ನೀಲಿಯಲ್ಲಿ ಬಿಳಿ, ಬಿಳಿಯಲ್ಲಿ ನೀಲಿ, ಮತ್ತೆ ನೀಲಿಯಲ್ಲಿ ಬಿಳಿ. ಮೇಲಿಂದ ಕೆಳಗೆ ಒಂದೇ ಗೆರೆ. ಇನ್ನೊಂದು ಗೆರೆಗೆ ಹೊಂದಿಸಿದರು, ಮತ್ತೊಂದಕ್ಕೆ. ಅಡಿಪಟ್ಟಿ ಕುಡುಗೋಲನ್ನು ದಾಟುವಾಗಲೆಲ್ಲ ನಾನು ಮನಸ್ಸಿನಲ್ಲಿ ಗೆರೆ ಎಣಿಸುತ್ತಿದ್ದೆ. ಎಲ್ಲೂ ತಪ್ಪಲಿಲ್ಲ.

ಅವರು ಮೂಲೆಯಲ್ಲಿ ಸಹಿ ಹಾಕಿ, ಹಾಳೆಯನ್ನು ಸುರುಳಿ ಸುತ್ತಿದರು. ಆಗ ಮೊದಲ ಸಲ ನನ್ನ ಮುಖ ನೋಡಿದರು.

"ಮೈಸೂರಿನವರು ಕೇಳಿದ್ರೆ ಏನು ಹೇಳ್ಲಿ?"

ನನಗೆ ಏನು ತೋಚಿತೋ. "ಗಾಳಿ ಇತ್ತು ಅಂತ ಹೇಳಿ ಸಾರ್," ಎಂದೆ.

ಅವರು ನಕ್ಕರೋ ಕೆಮ್ಮಿದರೋ ಈಗಲೂ ಖಚಿತವಿಲ್ಲ. ಬಾಗಿಲ ಬಳಿ ನಿಂತು ಹೆಡ್ ಡ್ರಾಫ್ಟ್ಸ್‌ಮನ್‌ಗೆ ಹೇಳಿದರು: "ಸಿದ್ದಾಪುರದ ರಸ್ತೆಯ ಹಾಳೆ ಈಕೆಗೆ ಕೊಡಿ. ನಾನು ಬರೋ ಹೊತ್ತಿಗೆ ಮುಗಿದಿರಲಿ."