ರಶೀದ್ ಸಾಬರ ಹೆಬ್ಬೆರಳಿಗೊಂದು ಬದಲಿ

ಚಾವಿ ಕೊಡುವ ವಾಚು ಕಟ್ಟುವವರು ಶಿರಾ ಪೇಟೆಯಲ್ಲಿ ಇಂದಿಗೂ ಇದ್ದಾರೆ. ಅವರಿಗೆಲ್ಲ ಅಬ್ದುಲ್ ರಶೀದರ ಅಂಗಡಿ ಗೊತ್ತು. ಅಂಗಡಿಯ ಮುಂಭಾಗ ಮಗ ಸುಹೇಲ್‌ನದು. ಅಲ್ಲಿ ಗೋಡೆ ಗಡಿಯಾರ, ಸೆಲ್ಲು, ಬೆಲ್ಟು, ಮೊಬೈಲ್ ಕವರುಗಳು ತೂಗಾಡುತ್ತವೆ. ಒಳಗೆ ಕಿಟಕಿಯ ಪಕ್ಕದಲ್ಲಿ ಒಂದು ಹಳೆಯ ಮೇಜಿದೆ. ಅದು ರಶೀದರದು. ಮೇಜಿನ ಹಿಂದಿನ ಬಾಗಿಲು ದಾಟಿದರೆ ಮನೆ. ಹೀಗಾಗಿ ಹೆಂಡತಿ ಖಾಜಾಬಿ ಒಗ್ಗರಣೆ ಹಾಕಿದ್ದು ವಾಚು ರಿಪೇರಿಗೆ ಬಂದವರಿಗೂ ಗೊತ್ತಾಗುತ್ತದೆ.

ರಶೀದರಿಗೆ ಒಂದು ಹೆಮ್ಮೆಯಿತ್ತು, ಅದನ್ನು ಅವರು ಮುಚ್ಚಿಟ್ಟವರೂ ಅಲ್ಲ. ಮೇನ್‌ಸ್ಪ್ರಿಂಗ್ ಅನ್ನು ಅವರು ಬರಿಗೈಯಲ್ಲೇ ಕೂರಿಸುತ್ತಿದ್ದರು.

ಇದು ಹೆಮ್ಮೆ ಪಡುವಂಥ ಕೆಲಸವೇ. ಬಿಚ್ಚಿದರೆ ಗೇಣಿಗಿಂತ ಉದ್ದವಿರುವ, ಹುಲ್ಲಿನ ಎಸಳಿನಂಥ ಉಕ್ಕಿನ ಪಟ್ಟಿ ಅದು. ಅದನ್ನು ಚಕ್ಕುಲಿಯಂತೆ ಸುತ್ತಿ, ಅಂಗಿಯ ಗುಂಡಿಯಷ್ಟಗಲದ ಲೋಹದ ಡಬ್ಬಿಯೊಳಗೆ ಕೂರಿಸಿ, ಮೇಲೆ ಮುಚ್ಚಳ ಹಾಕಬೇಕು. ಪಟ್ಟಿಯ ಒಳತುದಿ ಡಬ್ಬಿಯ ನಡುವಿನ ಕಂಬಿಯ ಕೊಕ್ಕೆಗೆ ಸಿಕ್ಕಿಕೊಳ್ಳಬೇಕು, ಹೊರತುದಿ ಡಬ್ಬಿಯ ಗೋಡೆಗೆ. ಚಾವಿ ಕೊಟ್ಟಾಗ ಸುರುಳಿ ಬಿಗಿಯಾಗುತ್ತದೆ. ಆ ಬಿಗಿ ನಿಧಾನವಾಗಿ ಸಡಿಲುತ್ತಾ ಬಂದಂತೆ ವಾಚು ಓಡುತ್ತದೆ. ಕೂರಿಸುವಾಗ ಕೈ ಜಾರಿತೋ, ಪಟ್ಟಿ ಚಿಮ್ಮಿ ಅಟ್ಟ ಸೇರುತ್ತದೆ. ಈ ಕೆಲಸಕ್ಕೆಂದೇ ವೈಂಡರ್ ಎಂಬ ಸಾಧನವಿದೆ. ರಶೀದರು ಅದನ್ನು ಎಂದೂ ಕೊಂಡವರಲ್ಲ. "ಹೆಬ್ಬೆರಳಿಲ್ಲದೋರಿಗೆ ಅದು" ಎನ್ನುತ್ತಿದ್ದರು.

ಈಗ ಅವರ ಹೆಬ್ಬೆರಳೇ ಕೈಕೊಟ್ಟಿತ್ತು. ಬುಡದ ಗೆಣ್ಣು ದಪ್ಪವಾಗಿ, ಬೆಳಿಗ್ಗೆ ಹೊತ್ತು ಬಗ್ಗುತ್ತಲೇ ಇರಲಿಲ್ಲ. ಯಾರಿಗೂ ತಿಳಿಯದಂತೆ ಮುಲಾಮು ಹಚ್ಚಿಕೊಳ್ಳುತ್ತಿದ್ದರು. ಅದರ ವಾಸನೆ ಮಾತ್ರ ಮುಂಭಾಗದ ಮೊಬೈಲ್ ಕವರುಗಳವರೆಗೂ ಹೋಗುತ್ತಿತ್ತು.

ಹೀಗಿರುವಾಗಲೇ ಸಂಜೀವಯ್ಯನವರ ವಾಚು ವಾಪಸು ಬರತೊಡಗಿತು. ಸಂಜೀವಯ್ಯನವರು ದೊಡ್ಡೇರಿ ಕಡೆಯವರು, ಶಿರಾ ಮಂಡಿಯಲ್ಲಿ ಕಡಲೆಕಾಯಿ ವ್ಯಾಪಾರ. ತುಮಕೂರಿನ ವಾಚ್ ಫ್ಯಾಕ್ಟರಿಯಲ್ಲಿದ್ದ ಭಾವ ಮದುವೆಯಲ್ಲಿ ಕೊಟ್ಟ ಎಚ್‌ಎಂಟಿ ಅವರದು. ಸ್ಪ್ರಿಂಗ್ ಮುರಿದಿತ್ತು. ರಶೀದರು ಹೊಸದು ಹಾಕಿಕೊಟ್ಟರು. ಬೆಳಿಗ್ಗೆ ಚಾವಿ ಕೊಟ್ಟರೆ ಸಂಜೆಗೆ ನಿಂತಿತು. ಬಿಚ್ಚಿ ಮತ್ತೆ ಕೂರಿಸಿದರು. ಆಗಲೂ ನಿಂತಿತು.

"ಬಂದ್ಬುಟ್ಟೆ ಸಾಬ್ರೇ," ಎಂದು ಸಂಜೀವಯ್ಯ ಎರಡನೇ ಸಲ ವಾಚು ತಂದು ಗಾಜಿನ ಮೇಲಿಟ್ಟರು. "ನನ್ ವಾಚು ಮಂಡಿ ಹಮಾಲ್ರಿಗಿಂತ ಮುಂಚೇನೇ ಕೆಲ್ಸ ಬುಡ್ತದೆ ಕಣ್ರೀ. ಸಂಜೆ ಆತಿದ್ದಂಗೆ ಮಲಿಕ್ಕಂತದೆ."

ಸುಹೇಲ್ ನಕ್ಕ. ರಶೀದರಿಗೆ ನಗು ಬರಲಿಲ್ಲ. "ಇನ್ನೊಂದ್ಸಲ ಇದು ವಾಪಸ್ ಬಂತು ಅಂದ್ರೆ ಈ ಮೇಜು ನಿಂದು. ಕವರ್ ಹಾಕ್ಕೋ, ಚಾರ್ಜರ್ ಹಾಕ್ಕೋ. ನಾನು ಮನೇಲಿ ಕೂತ್ಕೊಂಡು ನಿಮ್ಮಮ್ಮಿಗೆ ಈರುಳ್ಳಿ ಹೆಚ್ಚಿ ಕೊಡ್ತೀನಿ."

"ಆ ಹೆಬ್ಬೆರಳಲ್ಲಿ ಈರುಳ್ಳೀನಾ?" ಎಂದು ಒಳಗಿನಿಂದ ಖಾಜಾಬಿಯ ಧ್ವನಿ ಬಂತು.

ಎಲ್ಲರೂ ನಕ್ಕರು. ಆದರೆ ರಶೀದರು ಮಾತಿಗೆ ತಪ್ಪುವವರಲ್ಲ ಎಂಬುದು ಸುಹೇಲ್‌ಗೆ ಗೊತ್ತಿತ್ತು. ಆ ಮೇಜು ಅವನಿಗೆ ಬೇಕಿರಲಿಲ್ಲ. ಅಬ್ಬಾ ಕೆಲಸವಿಲ್ಲದೆ ಮನೆಯಲ್ಲಿ ಕೂತರೆ ಏನಾಗುತ್ತದೆಂದು ಅವನು ಒಂದು ರಂಜಾನಿನಲ್ಲಿ ನೋಡಿದ್ದ. ಮನೆಯ ಮಿಕ್ಸಿ, ಇಸ್ತ್ರಿ ಪೆಟ್ಟಿಗೆ, ಹೊಲಿಗೆ ಯಂತ್ರ ಎಲ್ಲವೂ ಬಿಚ್ಚಿಕೊಂಡು ನೆಲದ ಮೇಲೆ ಬಿದ್ದಿದ್ದವು.

ಅಂದು ಮಧ್ಯಾಹ್ನ ರಶೀದರು ವಾಚಿನ ಡಬ್ಬಿ ತೆರೆದರು. ಕಣ್ಣಿಗೆ ಭೂತಗನ್ನಡಿಯ ಐಗ್ಲಾಸ್ ಹಾಕಿಕೊಂಡು ನೋಡಿದಾಗ ಕಾರಣ ಕಂಡಿತು. ಸುರುಳಿ ಚಪ್ಪಟೆಯಾಗಿ ಕೂತಿರಲಿಲ್ಲ. ನಡುಭಾಗ ಬುಗುರಿಯಂತೆ ಸ್ವಲ್ಪ ಮೇಲೆದ್ದಿತ್ತು. ಮುಚ್ಚಳದ ಒಳಗಡೆ ಉಜ್ಜಿ ಉಜ್ಜಿ ಒಂದು ಹೊಳೆಯುವ ವೃತ್ತ ಮೂಡಿತ್ತು. ಬೆಳಿಗ್ಗೆ ಬಿಗಿ ಜೋರಾಗಿದ್ದಾಗ ಆ ಉಜ್ಜಾಟವನ್ನು ಮೀರಿ ವಾಚು ಓಡುತ್ತಿತ್ತು. ಸಂಜೆ ಬಿಗಿ ಇಳಿದಾಗ ಸೋಲುತ್ತಿತ್ತು. ಬರಿಗೈಯಲ್ಲಿ ಕೂರಿಸುವಾಗ ಹೆಬ್ಬೆರಳು ಒಂದೇ ಸಮನೆ ಒತ್ತದಿದ್ದರೆ ಪಟ್ಟಿ ಹೀಗೆ ತಿರುಚಿಕೊಳ್ಳುತ್ತದೆ. ವಾಚಿನದೇನೂ ತಪ್ಪಿರಲಿಲ್ಲ.

ರಶೀದರು ಐಗ್ಲಾಸ್ ತೆಗೆದು, ಹೆಬ್ಬೆರಳನ್ನೇ ಸ್ವಲ್ಪ ಹೊತ್ತು ನೋಡಿದರು. ಆಮೇಲೆ ಮಗನನ್ನು ಕರೆದು, "ಆ ವೈಂಡರ್ ಅಂತಾರಲ್ಲ, ನಿನ್ನ ಫೋನಲ್ಲಿ ಸಿಗುತ್ತಾ ನೋಡು," ಎಂದರು.

ಸುಹೇಲ್ ಕ್ಷಣದಲ್ಲಿ ತೋರಿಸಿದ. ಮಖಮಲ್ಲಿನ ಪೆಟ್ಟಿಗೆ, ಅದರ ತುಂಬ ಸಾಲಾಗಿ ಜೋಡಿಸಿದ ಹಿಡಿಗಳು. "ಪೂರ್ತಿ ಸೆಟ್ ಅಬ್ಬಾ. ಎಲ್ಲಾ ಸೈಜೂ ಇದೆ."

"ಪೂರ್ತಿ ಸೆಟ್ ಯಾಕೆ? ನಮ್ಮೂರಿಗೆ ಬರೋದು ಗಂಡಸರ ವಾಚು, ಹೆಂಗಸರ ವಾಚು, ಅಪರೂಪಕ್ಕೊಂದು ದೊಡ್ಡ ಜೇಬಿನ ಗಡಿಯಾರ. ಕೊಕ್ಕೆ ಹೆಂಗಿದೆ ಅಂತ ಈ ಫೋಟೋದಲ್ಲಿ ಕಾಣುತ್ತಾ? ಅಂಚು ಮುಟ್ಟಿ ನೋಡಕ್ಕಾಗುತ್ತಾ?"

"ಫೋಟೋ ದೊಡ್ಡದ್ ಮಾಡ್ತೀನಿ."

"ದೊಡ್ಡದ್ ಮಾಡಿದ್ರೆ ಫೋಟೋ ದೊಡ್ಡದಾಗುತ್ತೆ. ನನಗೆ ಮುಟ್ಟಬೇಕು."

ಮುಟ್ಟಿ ನೋಡಿ ಆರಿಸಬೇಕೆಂದರೆ ಒಂದೇ ಜಾಗವಿತ್ತು. ಮಧುಗಿರಿಯಲ್ಲಿ ಅಡವಯ್ಯ ಎಂಬುವರು ಬಹಳ ಕಾಲ ವಾಚ್ ರಿಪೇರಿ ಮಾಡಿ ಈಗ ಅಂಗಡಿ ಮುಚ್ಚಿದ್ದರು. ಅವರ ಬಳಿ ಹಳೆಯ ವೈಂಡರುಗಳಿದ್ದವು. ಕಷ್ಟವೆಂದರೆ, "ಹೆಬ್ಬೆರಳಿಲ್ಲದೋರಿಗೆ" ಎಂಬ ಮಾತನ್ನು ರಶೀದರು ಮೊದಲು ಆಡಿದ್ದೇ ಅಡವಯ್ಯನವರ ಮುಖದೆದುರು, ಗಿರಾಕಿಗಳ ಮುಂದೆ.

ಆದರೂ ಹೊರಟರು. ಸಂಜೀವಯ್ಯನವರ ವಾಚಿನ ಖಾಲಿ ಡಬ್ಬಿ, ಅದರ ನಡುವಿನ ಕಂಬಿ, ಅಳೆಯಲು ಒಂದು ವರ್ನಿಯರ್ ಕ್ಯಾಲಿಪರ್, ಇಷ್ಟನ್ನು ಎಲೆಯಡಿಕೆಯ ಹಳೇ ಡಬ್ಬಿಯಲ್ಲಿಟ್ಟುಕೊಂಡು ಮಧುಗಿರಿ ಬಸ್ಸು ಹತ್ತಿದರು.

ಅಡವಯ್ಯ ಬೆಟ್ಟ ಕಾಣುವ ಜಗುಲಿಯಲ್ಲಿ ಕೂತು ಹುರಿದ ಕಡಲೆಕಾಯಿ ಸುಲಿಯುತ್ತಿದ್ದರು. ರಶೀದರಿಗಿಂತ ದೊಡ್ಡವರು. ಬಂದ ವಿಷಯ ಕೇಳಿ ಸುಲಿಯುವುದನ್ನೇ ನಿಲ್ಲಿಸಿದರು.

"ಏನಂದೆ? ಇನ್ನೊಂದ್ಸಲ ಹೇಳ್ಲಾ, ಕಿವಿ ಸರಿಯಾಗಿ ಕೇಳಾಕಿಲ್ಲ."

"ವೈಂಡರ್ ಬೇಕಿತ್ತಣ್ಣ."

"ಲೇ ಇವಳೇ!" ಎಂದು ಅಡವಯ್ಯ ಒಳಗೆ ಕೂಗಿದರು. "ಎರಡು ಕಾಫಿ ಮಾಡು. ಶಿರಾದಿಂದ ರಶೀದ ಬಂದವ್ನೆ, ಹೆಬ್ಬೆರಳು ಕೇಳ್ಕೊಂಡು!"

ಮನಸಾರೆ ನಕ್ಕು ಮುಗಿಸಿದ ಮೇಲೆ, ಒಳಗಿನಿಂದ ಒಂದು ಬಿಸ್ಕತ್ತಿನ ಡಬ್ಬ ತಂದು ಜಗುಲಿಯ ಮೇಲೆ ಸುರಿದರು. "ಆರಿಸ್ಕೋ. ನಾನು ಹೇಳಾಕಿಲ್ಲ. ನೀನು ಹೆಂಗೆ ಆರಿಸ್ತೀಯ ನೋಡ್ತೀನಿ."

ವೈಂಡರ್ ಎಂದರೆ ದೊಡ್ಡ ಯಂತ್ರವೇನಲ್ಲ. ಒಂದು ಪುಟ್ಟ ಟೊಳ್ಳು ಉರುಳೆ, ಅದರ ಪಕ್ಕದಲ್ಲೊಂದು ಸೀಳು, ನಡುವೆ ಕೊಕ್ಕೆಯಿರುವ ಕಂಬಿ, ಹಿಂದೆ ತಿರುಗಿಸಲು ಹಿಡಿ. ಹಿಡಿ ತಿರುಗಿಸಿದರೆ ಸ್ಪ್ರಿಂಗ್ ಸೀಳಿನ ಮೂಲಕ ಒಳಗೆ ಸುತ್ತಿಕೊಳ್ಳುತ್ತದೆ. ಆಮೇಲೆ ಉರುಳೆಯ ಬಾಯನ್ನು ವಾಚಿನ ಡಬ್ಬಿಯ ಬಾಯಿಗೆ ಇಟ್ಟು ಹಿಂದಿನಿಂದ ಒತ್ತಿದರೆ ಸುರುಳಿ ಹಾಗೆಯೇ ಡಬ್ಬಿಗೆ ಇಳಿಯುತ್ತದೆ.

ರಶೀದರು ಆತುರಪಡಲಿಲ್ಲ. ಡಬ್ಬಿಯ ಒಳಗಲ ಅಳೆದು, ಅದಕ್ಕಿಂತ ಕೂದಲೆಳೆಯಷ್ಟು ಸಣ್ಣ ಉರುಳೆ ಹುಡುಕಿದರು. ದೊಡ್ಡದಾದರೆ ಸುರುಳಿ ಡಬ್ಬಿಯೊಳಗೆ ಇಳಿಯದು, ತೀರ ಸಣ್ಣದಾದರೆ ಪಟ್ಟಿ ಅತಿಯಾಗಿ ಬಿಗಿದು ದಣಿಯುತ್ತದೆ. ಕಂಬಿಯ ದಪ್ಪವನ್ನು ವಾಚಿನ ಕಂಬಿಯ ಜೊತೆಗಿಟ್ಟು ನೋಡಿದರು. ಸೀಳಿನ ಅಂಚಿನ ಮೇಲೆ ಉಗುರು ಎಳೆದು, ತಡೆದದ್ದನ್ನೆಲ್ಲ ಪಕ್ಕಕ್ಕಿಟ್ಟರು. ಅಲ್ಲಿ ಗೀರು ಬಿದ್ದ ಸ್ಪ್ರಿಂಗ್ ನಾಳೆ ಅಲ್ಲೇ ಮುರಿಯುತ್ತದೆ. ಹಿಂದಿನಿಂದ ಒತ್ತಿ, ಸೊಟ್ಟಗೆ ಬರುವುದನ್ನೂ ಬಿಟ್ಟರು.

ಉಳಿದದ್ದು ಒಂದೇ ಉರುಳೆ, ಅದಕ್ಕೆ ಹೊಂದುವ ಎರಡು ಹಿಡಿ. ಒಂದರ ಕೊಕ್ಕೆ ಬಲಕ್ಕೆ ಸುತ್ತುವಂಥದು, ಇನ್ನೊಂದರದು ಎಡಕ್ಕೆ. ರಶೀದರು ವಾಚಿನ ಡಬ್ಬಿಯ ಕಂಬಿಯನ್ನು ಪಕ್ಕದಲ್ಲಿ ಹಿಡಿದು, ಅದರಂತೆಯೇ ಕೊಕ್ಕೆಯಿದ್ದ ಬಲಗಡೆಯ ಹಿಡಿ ಆರಿಸಿದರು.

"ಇದೇನಾ? ಗಟ್ಟಿನಾ?" ಎಂದರು ಅಡವಯ್ಯ.

"ಇದೇ."

ಅಡವಯ್ಯ ಮೀಸೆಯಲ್ಲೇ ನಕ್ಕರು. ಉರುಳೆಯ ಜೊತೆ ಎರಡೂ ಹಿಡಿಗಳನ್ನು ಒಂದೇ ಬಟ್ಟೆಯಲ್ಲಿ ಸುತ್ತಿ ಕೈಗಿಟ್ಟರು. "ಇನ್ನೊಂದೂ ಇರ್ಲಿ. ಇಲ್ಲಿದ್ರೆ ತುಕ್ಕು ಹಿಡೀತದೆ." ದುಡ್ಡಿನ ಮಾತೆತ್ತಿದರೆ, "ಮಂಡಿ ಕಡೆಯಿಂದ ಒಂದು ಚೀಲ ಒಳ್ಳೆ ಕಡ್ಲೆಕಾಯಿ ಕಳಿಸು, ಸಾಕು," ಎಂದರು.

ಮಾರನೆಯ ದಿನ ರಶೀದರು ಬೆರಳಿಗೆ ರಬ್ಬರ್ ಟೋಪಿ ಹಾಕಿಕೊಂಡು ಹೊಸ ಸ್ಪ್ರಿಂಗ್ ತೆಗೆದರು. ಬರಿಗೈಯಲ್ಲಿ ಹೇಗೆ ಹಿಡಿಯುತ್ತಿದ್ದರೋ ಹಾಗೆಯೇ ಹಿಡಿದು, ಹಿಡಿ ತಿರುಗಿಸಿದರು. ಪಟ್ಟಿ ಬೆಣ್ಣೆಯಂತೆ ಒಳಗೆ ಹೋಯಿತು. ಡಬ್ಬಿಗೆ ಒತ್ತಿದರು. ಟಕ್ಕೆಂದು ಕೂತಿತು, ತಟ್ಟೆಯಂತೆ ಚಪ್ಪಟೆಯಾಗಿ. ಅವರ ಮುಖ ಅರಳಿತು. ವಾಚು ಜೋಡಿಸಿ ಚಾವಿ ಕೊಟ್ಟರು. ಚಾವಿ ತಿರುಗಿತು. ತಿರುಗುತ್ತಲೇ ಇತ್ತು. ಬಿಗಿಯೇ ಹತ್ತಲಿಲ್ಲ.

ಬಿಚ್ಚಿ ನೋಡಿದರು. ಸ್ಪ್ರಿಂಗ್ ಡಬ್ಬಿಯೊಳಗೆ ಉಲ್ಟಾ ಸುತ್ತಿಕೊಂಡು ಕೂತಿತ್ತು. ಕೊಕ್ಕೆಗೆ ಅದು ಸಿಕ್ಕಿರಲೇ ಇಲ್ಲ. ಕೈ ತಪ್ಪಿರಬೇಕೆಂದು ಮತ್ತೆ ಅದೇ ಹಿಡಿಯಲ್ಲಿ, ಇನ್ನೂ ಎಚ್ಚರದಿಂದ ಸುತ್ತಿ ಕೂರಿಸಿದರು. ಮತ್ತೆ ಉಲ್ಟಾ.

"ಅಳೆದೂ ಸುರಿದೂ ಆರಿಸಿದ್ದು ಇದು!" ಎಂದು ರಶೀದರು ಮೇಜಿನ ಮೇಲೆ ಹಿಡಿ ಇಟ್ಟರು. ಸಂಜೀವಯ್ಯ ವಾಚಿಗೆ ಬರುವ ಸಂತೆ ದಿನ ಹತ್ತಿರದಲ್ಲೇ ಇತ್ತು. ಸುಹೇಲ್ ಮುಂದೆ ಹೋಗಿ ಕವರು ಒರೆಸತೊಡಗಿದ.

ರಶೀದರು ಚಹಾ ಕೇಳಲು ಒಳಗೆ ಹೋದರು. ಪಾವಗಡದಲ್ಲಿ ತಂಗಿಯ ಮಗಳ ಮದುವೆಯಿದ್ದುದರಿಂದ ಖಾಜಾಬಿ ಮೆಹಂದಿ ಹಾಕಿಕೊಳ್ಳುತ್ತಿದ್ದರು. ಎಡ ಅಂಗೈಯಲ್ಲಿ ಕೋನ್‌ನಿಂದ ಚಕ್ಕುಲಿಯಂಥ ಸುರುಳಿ ಬಿಡಿಸಿದ್ದರು.

"ಚಹಾ ಇಲ್ಲ, ಕೈ ಹಸಿ ಇದೆ," ಎಂದರು. "ಎಡಗೈಯಲ್ಲಿ ಬಲಗೈಗೆ ಬಿಡಿಸೋಕೆ ಬರಲ್ಲ. ಅದಕ್ಕೆ ಚಿಕ್ಕೋರಿದ್ದಾಗ ಮಾಡ್ತಿದ್ದ ಹಾಗೆ ಮಾಡ್ತೀನಿ." ಎರಡೂ ಅಂಗೈ ಜೋಡಿಸಿ ಒತ್ತಿದರು. ಕೈ ಬೇರ್ಪಡಿಸಿದಾಗ ಬಲಗೈಯಲ್ಲೂ ಸುರುಳಿ ಮೂಡಿತ್ತು.

ರಶೀದರು ನಿಂತಲ್ಲೇ ನಿಂತರು. "ಕೈ ತೋರಿಸು."

"ಯಾಕೆ, ಈ ವಯಸ್ಸಲ್ಲಿ?"

"ತೋರಿಸು ಅಂದ್ರೆ!"

ಖಾಜಾಬಿ ಎರಡೂ ಅಂಗೈ ಚಾಚಿದರು. ಎಡಗೈಯ ಸುರುಳಿ ಬಲಕ್ಕೆ ಸುತ್ತಿತ್ತು, ಬಲಗೈಯದು ಎಡಕ್ಕೆ.

"ಉಲ್ಟಾ ಬಿದ್ದಿದೆ!"

"ಮುಖಕ್ಕೆ ಮುಖ ಇಟ್ಟು ಒತ್ತಿದ್ರೆ ಉಲ್ಟಾನೇ ಬೀಳೋದು. ಇದೇನು ಇವತ್ತು ಗೊತ್ತಾಯ್ತಾ ಸುಹೇಲ್‌ನ ಅಬ್ಬಾಗೆ?"

ಬರಿಗೈಯಲ್ಲಿ ಕೂರಿಸುವವರು ಡಬ್ಬಿಯೊಳಗೇ ಸುತ್ತುತ್ತಾರೆ. ಅಲ್ಲಿ ಕಂಡ ದಿಕ್ಕೇ ಕೊನೆಯ ದಿಕ್ಕು. ವೈಂಡರಿನಲ್ಲಿ ಸುತ್ತಿದ್ದು ಬಾಯಿಗೆ ಬಾಯಿಟ್ಟು ದಾಟುವಾಗ ಮಗುಚಿಕೊಳ್ಳುತ್ತದೆ. ಹೊಸಬನಾಗಿದ್ದರೆ ಯಾವ ಅಭ್ಯಾಸವೂ ಇಲ್ಲದೆ ಕೇಳಿ ಕಲಿಯುತ್ತಿದ್ದ. ಇಷ್ಟು ಕಾಲ ಒಂದೇ ದಿಕ್ಕನ್ನು ನೋಡಿದ್ದ ರಶೀದರಿಗೆ ಕೇಳಬೇಕೆಂದೇ ತೋಚಿರಲಿಲ್ಲ. ಅವರು ಚಹಾ ಮರೆತು ಮೇಜಿಗೆ ಓಡಿದರು. ಬಟ್ಟೆ ಬಿಚ್ಚಿ, ಎಡಗಡೆಯ ಹಿಡಿ ತೆಗೆದು, ಸ್ಪ್ರಿಂಗ್ ಅನ್ನು ಮಗುಚಿ ಸುತ್ತಿದರು. ಡಬ್ಬಿಗೆ ಒತ್ತಿ, ಜೋಡಿಸಿ, ಚಾವಿ ಕೊಟ್ಟರು. ಈ ಸಲ ಬೆರಳಿಗೆ ಮೆಲ್ಲಗೆ ಬಿಗಿ ಹತ್ತಿತು.

ಅಡವಯ್ಯನವರಿಗೆ ಫೋನ್ ಮಾಡಿದರೆ ಅತ್ತಲಿಂದ ಮೊದಲು ನಗುವೇ ಬಂತು. "ನಾನೂ ಅಂಗೇ ಮಾಡಿದ್ದೆ ಕಣ್ಲಾ ಮೊದ್ಲು. ಹೇಳ್ಬುಟ್ಟಿದ್ರೆ ನೀನು ನಂಬ್ತಿದ್ಯಾ?"

ಸಂತೆಯ ದಿನ ಸಂಜೀವಯ್ಯ ವಾಚು ತೆಗೆದುಕೊಂಡು ಹೋದರು. ಮುಂದಿನ ಸಂತೆಗೆ ಮುಖ ಸಪ್ಪಗೆ ಮಾಡಿಕೊಂಡು ಬಂದರು. ಕೈಯಿಂದ ವಾಚು ಬಿಚ್ಚಿ ಗಾಜಿನ ಮೇಲಿಟ್ಟರು. ಸುಹೇಲ್ ಅಪ್ಪನ ಮುಖ ನೋಡಿದ. ಖಾಜಾಬಿ ಬಾಗಿಲಿಗೆ ಬಂದು ನಿಂತರು.

"ನಿಂತೋಯ್ತಾ?" ಎಂದರು ರಶೀದರು.

"ನಿಲ್ಲೋದೇ ಇಲ್ಲ ಕಣ್ರೀ, ಅದೇ ತೊಂದ್ರೆ. ಬೆಳಿಗ್ಗೆ ಚಾವಿ ಕೊಡಾಕೆ ಹೋದ್ರೆ ಇನ್ನೂ ಓಡ್ತಾನೇ ಇರ್ತದೆ. ಇನ್ ಮ್ಯಾಕೆ ಇಲ್ಲಿ ಚಾ ಕುಡಿಯಾಕೆ ಏನ್ ನೆಪ ಹೇಳ್ಕೊಂಡು ಬರ್ಲಿ?" ಎಂದು ಜೇಬಿನಿಂದ ಇನ್ನೊಂದು ವಾಚು ತೆಗೆದರು. ಅವರ ಹೆಂಡತಿಯದು, ಹೆಂಗಸರ ಪುಟ್ಟ ವಾಚು, ಟ್ರಂಕಿನಲ್ಲಿ ಮಲಗಿದ್ದು. "ಅದ್ಕೇ ಇದ್ನ ತಂದ್ಬುಟ್ಟೆ. ಇದ್ರದ್ದೂ ಸ್ಪ್ರಿಂಗ್ ಓಗೈತೆ."

"ಮೇಜು ನಿಮ್ಮದೇ ಇರ್ಲಿ ಅಬ್ಬಾ," ಎಂದ ಸುಹೇಲ್. "ಈರುಳ್ಳಿ ನಾನು ಹೆಚ್ತೀನಿ."

ರಶೀದರು ಪುಟ್ಟ ವಾಚು ಬಿಚ್ಚಿ, ಡಬ್ಬಿ ತೆರೆದು, ಕಂಬಿಯ ಕೊಕ್ಕೆ ಯಾವ ಕಡೆಗಿದೆ ಎಂದು ನೋಡಿದರು. ಇದಕ್ಕೆ ಇನ್ನೂ ಸಣ್ಣ ಉರುಳೆ ಬೇಕು, ಮಧುಗಿರಿಗೆ ಮತ್ತೊಮ್ಮೆ ಹೋಗಬೇಕು. ಆದರೆ ಹಿಡಿ ಯಾವುದೆಂದು ಈಗಲೇ ತೀರ್ಮಾನಿಸಿಕೊಳ್ಳಬೇಕಿತ್ತು. ಎರಡೂ ಅಂಗೈಗಳನ್ನು ಜೋಡಿಸಿ ಒತ್ತಿ, ಮೆಲ್ಲಗೆ ಬಿಡಿಸಿ ನೋಡಿಕೊಂಡರು.

ಸಂಜೀವಯ್ಯ ಧ್ವನಿ ತಗ್ಗಿಸಿ ಕೇಳಿದರು: "ದುವಾ ಮಾಡ್ತಾ ಇದೀರಾ ಸಾಬ್ರೇ?"

"ಇಲ್ಲ," ಎಂದರು ರಶೀದರು. "ಮೆಹಂದಿ ನೋಡ್ಕೊಳ್ತಾ ಇದೀನಿ."