ಮಂಗಳವಾರದ ಈಜುಕೊಳ

ಆ ಹೆಂಗಸಿನ ಮೇಲೆ ನಾನು ಸೇಡು ತೀರಿಸಿಕೊಂಡೆ. ಅದನ್ನು ಮುಚ್ಚಿಟ್ಟು ಇದನ್ನು ಹೇಳಲಾರೆ.

ಸಕಲೇಶಪುರದಲ್ಲಿ ನನ್ನದು ಆಕ್ಯುಪೇಶನಲ್ ಥೆರಪಿ ಕೆಲಸ. ಆಟಿಸಂ ಇರುವ ಮಕ್ಕಳಿಗೆ ಗುಂಡಿ ಹಾಕಿಕೊಳ್ಳುವುದು, ಚಮಚ ಹಿಡಿಯುವುದು, ಗದ್ದಲ ತಾಳಿಕೊಳ್ಳುವುದು ಕಲಿಸುತ್ತೇನೆ. ವನಗೂರಿನ ಕಡೆಯಿಂದ ಎಂಟು ವರ್ಷದ ಮಗಳನ್ನು ಕರೆತಂದ ತಾಯಿ ಇದ್ಯಾವುದನ್ನೂ ಕೇಳಲಿಲ್ಲ.

"ಮಾತು ಬರ್ದಿದ್ರೂ ಹೋಗ್ಲಿ ಮೇಡಂ. ನೀರು ಕಂಡ್ರೆ ಅದ್ರ ಕಡೆಗೆ ಓಡ್ಬುಡ್ತಾಳೆ. ಎಸ್ಟೇಟ್ ಕೆರೆಯಿಂದ ಎರಡು ಸಲ ಎತ್ಕೊಂಡು ಬಂದೀವಿ. ಮೂರನೇ ಸಲ ಯಾರೂ ನೋಡ್ದೆ ಇದ್ರೆ?"

ಆ ಬೆಟ್ಟಗಳಲ್ಲಿ ಮಗುವನ್ನು ನೀರಿನಿಂದ ದೂರವಿಡುವುದು ಆಗದ ಮಾತು. ನೀರಿಗೆ ಬಿದ್ದರೆ ಹೊರಬರುವುದನ್ನೇ ಕಲಿಸಬೇಕಿತ್ತು. ಹೆದ್ದಾರಿಯಿಂದ ಒಳಗಿದ್ದ ಒಂದು ಹೋಂಸ್ಟೇಯ ಒಡತಿ, ಮಂಗಳವಾರ ಬೆಳಿಗ್ಗೆ ಅವರ ಈಜುಕೊಳ ಬಳಸಲು ಒಪ್ಪಿದರು.

ಮೊದಲೆರಡು ವಾರ ಹುಡುಗಿ ಮೆಟ್ಟಿಲ ಮೇಲಷ್ಟೇ ಕೂತಳು. ಮೋಟಾರಿನ ಸದ್ದಿಗೆ ಕಿವಿ ಮುಚ್ಚಿಕೊಂಡಳು, ಅದನ್ನು ನಿಲ್ಲಿಸಿದೆವು. ಟವೆಲನ್ನು ಭುಜಕ್ಕೆ ಬಿಗಿಯಾಗಿ ಸುತ್ತಿ ಒತ್ತಿ ಹಿಡಿದರೆ ಸಮಾಧಾನವಾಗುತ್ತಿದ್ದಳು. ಗೋಡೆಗೆ ಮೂರು ಚಿತ್ರ ಅಂಟಿಸಿದ್ದೆ: ತಿರುಗು, ಅಂಗಾತ ಮಲಗು, ಗೋಡೆ ಹಿಡಿ. ಐದನೇ ಮಂಗಳವಾರ ಅವಳು ತಲೆಯನ್ನು ಕಿವಿಯವರೆಗೂ ನೀರಲ್ಲಿಟ್ಟು ಮಲಗಿದಳು. ತಲೆಯ ಕೆಳಗಿದ್ದ ನನ್ನ ಅಂಗೈಯನ್ನು ಮೆಲ್ಲಗೆ ತೆಗೆದೆ. ತೇಲಿದಳು. ಖುಷಿಗೆ ಗಟ್ಟಿಯಾಗಿ ಗುಂಯ್‌ಗುಟ್ಟತೊಡಗಿದಳು.

ಅಂದು ಕೆಲವು ಅತಿಥಿಗಳು ಉಳಿದುಕೊಂಡಿದ್ದರು. ಯಾರೋ ದೂರಿರಬೇಕು. ಒಡತಿ ಬಂದು ದಡದಲ್ಲಿ ನಿಂತರು.

"ಸಾಕು ಮೇಡಂ. ಇಂಥ ಮಕ್ಕಳು ನೀರಲ್ಲಿ ಏನೇನು ಮಾಡ್ತಾವೋ ಯಾರಿಗೆ ಗೊತ್ತು? ಗೆಸ್ಟುಗಳು ಅಸಹ್ಯ ಪಟ್ಕೋತಾರೆ."

ಹಾಗೆಂದವರು ಆಳನ್ನು ಕರೆದು, ನಾವಿನ್ನೂ ಒಳಗಿರುವಾಗಲೇ, ಕೊಳದ ನೀರನ್ನು ಹೊರಗೆ ಬಿಡಿಸಿದರು. ನಾನು ವಾದಿಸುತ್ತಲೇ ಇದ್ದೆ. ನೀರು ಹುಡುಗಿಯ ಎದೆಯಿಂದ ಸೊಂಟಕ್ಕೆ, ಸೊಂಟದಿಂದ ಮೊಣಕಾಲಿಗೆ ಇಳಿಯಿತು. ಕೊನೆಗೆ ಅವಳು ಒದ್ದೆ ಟೈಲ್ಸಿನ ಮೇಲೆ ಅಂಗಾತ ಮಲಗಿ, ತೇಲಲು ಕಾದಳು. ತಾಯಿ ಅವಳನ್ನು ಎತ್ತಿಕೊಂಡು ನಡೆದರು.

ಆಮೇಲೆ ಆಲೂರಿನ ಹತ್ತಿರ ಪರಿಚಯದ ರೈತರೊಬ್ಬರ ಕೃಷಿ ಹೊಂಡಕ್ಕೆ ಹಗ್ಗ ಕಟ್ಟಿ, ಲೈಫ್ ಜಾಕೆಟ್ ತೊಡಿಸಿ ಮುಂದುವರಿಸಿದೆ. ಹತ್ತು ನಿಮಿಷಕ್ಕೆ ಹುಡುಗಿಯ ತುಟಿ ನೀಲಿಯಾಗುತ್ತಿತ್ತು. ಪ್ರತಿ ಸಲವೂ ಆ ಒಡತಿಯ ಮುಖ ನೆನಪಾಗುತ್ತಿತ್ತು.

ವರ್ಷ ಕಳೆಯಿತು. ಬೇರೆಲ್ಲೋ ಪ್ರವಾಸಿಗರ ಮಗು ಈಜುಕೊಳಕ್ಕೆ ಜಾರಿ, ಪುಣ್ಯಕ್ಕೆ ಬದುಕಿತು. ತಾಲ್ಲೂಕಿನ ಅಧಿಕಾರಿಗಳು ಹೋಂಸ್ಟೇಗಳ ಕೊಳ ಪರೀಕ್ಷಿಸಲು ಹೊರಟಾಗ, ಮಕ್ಕಳಿಗೆ ನೀರಿನ ಸುರಕ್ಷತೆ ಕಲಿಸುವವಳೆಂದು ನನ್ನನ್ನೂ ಜೊತೆಗೆ ಕರೆದರು. ಮುಂಚಿತವಾಗಿ ಮಾಲೀಕರಿಗೆ ತಿಳಿಸುವ ಕೆಲಸ ನನಗೆ ಬಿತ್ತು. ಪಟ್ಟಿಯಲ್ಲಿ ನಾನು ಮೊದಲು ಹುಡುಕಿದ್ದು ಆ ಒಡತಿಯ ಹೆಸರನ್ನು. ಉಳಿದವರಿಗೆಲ್ಲ ಹಿಂದಿನ ದಿನವೇ ಫೋನ್ ಮಾಡಿ, ನಾಳೆ ಬರುತ್ತೇವೆ ಎಂದು ತಿಳಿಸಿದೆ. ಆಕೆಗೆ ಮಾತ್ರ ಮಾಡಲಿಲ್ಲ.

ಕೊಳಕ್ಕೆ ಬೇಲಿಯಿರಲಿಲ್ಲ. ಆಳದ ಗುರುತು ಅಳಿಸಿತ್ತು. ನೀರು ಎಳೆಯುವ ಬಾಯಿಯ ಜಾಲರಿ ಮುರಿದಿತ್ತು. ಅದು ಮಗುವಿನ ಕೂದಲನ್ನು ಎಳೆದುಕೊಂಡರೆ ಬಿಡುವುದಿಲ್ಲ. ಒಂದನ್ನೂ ಬಿಡದೆ ಬರೆದೆ. ಬರೆದದ್ದೆಲ್ಲ ನಿಜ. ಆದರೆ ಆಗ ನನ್ನನ್ನು ಬರೆಸಿದ್ದು ಕಾಳಜಿಯಲ್ಲ. ಅತಿಥಿಗಳು ತುಂಬಿ ಬರುವ ತಿಂಗಳುಗಳಲ್ಲೇ ಆ ಕೊಳಕ್ಕೆ ಬೀಗ ಬಿತ್ತು.

ಒಡತಿ ನನ್ನ ಕೋಣೆಗೇ ಬಂದರು. "ಬೇಕಂತಲೇ ಮಾಡಿದ್ರಿ ಅಲ್ವಾ?"

"ಹೌದು, ಬೇಕಂತಲೇ. ಅದರಲ್ಲಿ ಒಂದು ಸುಳ್ಳಿದ್ರೆ ತೋರಿಸಿ."

ಕುರ್ಚಿ ಖಾಲಿಯಿತ್ತು. ಕೂರಿ ಎನ್ನಲಿಲ್ಲ. ಅಷ್ಟು ಸಂತೋಷ ನನಗೆ ಬಹಳ ದಿನಗಳಿಂದ ಆಗಿರಲಿಲ್ಲ.

ಬೇಲಿ, ಜಾಲರಿ ಎಲ್ಲ ಹಾಕಿಸಿ ಮತ್ತೆ ತೆರೆದಾಗ ಆಕೆ ಹೇಳಿಕಳುಹಿಸಿದರು: ಮಂಗಳವಾರ ಬರಬಹುದು. ಬರುವುದಿಲ್ಲ ಎಂದೆ. ಹಾಗೆ ಹೇಳಿದ್ದನ್ನು ಹುಡುಗಿಯ ತಾಯಿಗೆ ಹೆಮ್ಮೆಯಿಂದಲೇ ತಿಳಿಸಿದೆ. ಹೊಂಡದ ದಡದಲ್ಲಿ ಮಗಳ ಪಾದ ಉಜ್ಜುತ್ತಿದ್ದವರು ತಲೆಯೆತ್ತಿದರು.

"ನಿಮ್ಮ ಸಿಟ್ಟು ನಿಮ್ಗೆ ಐತೆ ಮೇಡಂ, ನಂಗೂ ಐತೆ. ಅದಕ್ಕೆ ಇವಳ್ಯಾಕೆ ನಡುಗ್ಬೇಕು?"

ಮುಂದಿನ ಮಂಗಳವಾರ ಹೋಂಸ್ಟೇಗೆ ಹೋದೆವು. ಒಡತಿ ಜಗಲಿಯಲ್ಲಿ ನಿಂತು "ಬನ್ನಿ" ಎಂದರು. ನಾನು ಹುಡುಗಿಯ ಕೈ ಹಿಡಿದು ನೇರ ಕೊಳದ ಕಡೆಗೆ ನಡೆದೆ.

ಕೆಲವು ತಿಂಗಳ ನಂತರ ಹುಡುಗಿಯನ್ನು ಬಟ್ಟೆ, ಚಪ್ಪಲಿ ಸಮೇತ ನೀರಿಗಿಳಿಸುವ ಪರೀಕ್ಷೆ. ಒಂದು ಕೈಯಳತೆಯಲ್ಲಿ ನಾನಿದ್ದೆ. ಮುಳುಗಿದಳು, ತಿರುಗಿದಳು, ಅಂಗಾತ ಮಲಗಿ ಉಸಿರೆಳೆದುಕೊಂಡಳು, ಕಾಲು ಬಡಿಯುತ್ತ ಬಂದು ಗೋಡೆ ಹಿಡಿದಳು. ತಾಯಿ "ಬಂದ್ಲು! ಬಂದ್ಲು ಕಣ್ರೀ!" ಎಂದು ಕೂಗಿಕೊಂಡರು. ಜಗಲಿಯಲ್ಲಿದ್ದ ಒಡತಿಯೂ ಚಪ್ಪಾಳೆ ತಟ್ಟಿದರು.

"ಸದ್ದು ಮಾಡಬೇಡಿ, ಮಗು ಹೆದರುತ್ತೆ" ಎಂದೆ.

ಆಕೆಯ ಕೈ ಅಲ್ಲೇ ನಿಂತಿತು. ತಾಯಿ ಇನ್ನೂ ಕೂಗುತ್ತಲೇ ಇದ್ದರು. ಅವರನ್ನು ನಾನು ತಡೆದಿರಲಿಲ್ಲ.