ಊಟದ ಮನೆಯ ಅಕ್ಕ

ಹೋದ ವಾರ ರಾಯದುರ್ಗದ ಬಸ್ ಸ್ಟ್ಯಾಂಡ್ ಎದುರು ಶೇಂಗಾ ಹುರಿಯುವ ಗಾಡಿಯ ಮುಂದೆ ನಿಂತಿದ್ದೆ. ಗಾಡಿಯವನು ಬಾಣಲೆಯ ಕರಿ ಮರಳನ್ನು ಮಗುಚಿದಾಗ ಕಾದ ಮರಳಿನ ವಾಸನೆ ಮುಖಕ್ಕೆ ಬಂತು. ಪೊಟ್ಟಣ ಕೈಗೆ ಬಂದರೂ ಅಲ್ಲೇ ನಿಂತುಬಿಟ್ಟೆ. ನನ್ನ ಮಟ್ಟಿಗೆ ಅದು ಶೇಂಗಾದ ವಾಸನೆಯಲ್ಲ, ಕೇಕಿನದು. ನಮ್ಮ ಪಕ್ಕದ ಮನೆಯ ಅಕ್ಕ ಕೇಕು ಬೇಯಿಸುತ್ತಿದ್ದದ್ದು ಮರಳಿನಲ್ಲಿ...

ನಾನು ಮಡಕಶಿರಾ ಕಡೆಯ ಅಗಳಿಯವಳು. ಮದುವೆಯಾಗಿ ರಾಯದುರ್ಗಕ್ಕೆ ಬಂದಾಗ ಊರಿನ ತುಂಬ ಜೀನ್ಸ್ ಹೊಲಿಗೆ. ಓಣಿ ಓಣಿಯಲ್ಲೂ ಮಷಿನ್ ಸದ್ದು, ಹೊಸ್ತಿಲಲ್ಲಿ ನೀಲಿ ದಾರದ ಚೂರು. ಗಂಡ ಒಂದು ಯೂನಿಟ್ಟಿನಲ್ಲಿ ಬಟ್ಟೆ ಕತ್ತರಿಸುತ್ತಿದ್ದರು. ನಾನು ಮನೆಯಲ್ಲೇ ಕುಳಿತು ಪ್ಯಾಂಟುಗಳಿಗೆ ಗುಂಡಿ ಹಾಕುತ್ತಿದ್ದೆ. ನನ್ನ ಮಾತಿಗೆ ಓಣಿಯವರು ನಗುತ್ತಿದ್ದರು. ನಾನು ಕಡ್ಲೆಕಾಯಿ ಅಂದರೆ ಅವರಿಗೆ ಶೇಂಗಾ, ನಾನು ಐತೆ ಅಂದರೆ ಅವರಿಗೆ ಐತಿ. ನಗದೆ ಇದ್ದವರು ಆ ಅಕ್ಕ ಒಬ್ಬರೇ.

ಅಕ್ಕನ ಗಂಡ ತೀರಿಕೊಂಡಿದ್ದರು. ಒಬ್ಬಳೇ ಮಗಳು ಬೆಂಗಳೂರಿನಲ್ಲಿ ಗಾರ್ಮೆಂಟ್ಸ್ ಕೆಲಸಕ್ಕಿದ್ದಳು. ಹೊಲಿಗೆಗೆಂದು ಪರ ಊರುಗಳಿಂದ ಬಂದ ಟೈಲರುಗಳಿಗೆ ಅಕ್ಕ ಮಧ್ಯಾಹ್ನ ಊಟ ಹಾಕುತ್ತಿದ್ದರು. ಬೋರ್ಡು ಇರಲಿಲ್ಲ, ಮೇಜು ಇರಲಿಲ್ಲ. ಪಡಸಾಲೆಯಲ್ಲಿ ಚಾಪೆ ಹಾಸಿ ತಟ್ಟೆ ಇಡುತ್ತಿದ್ದರು. ಒಂದು ದಿನ ಜೋಳದ ರೊಟ್ಟಿ, ಪುಂಡಿಪಲ್ಯ; ಇನ್ನೊಂದು ದಿನ ಮುದ್ದೆ, ಬೇಳೆ. ಗುರೆಳ್ಳು ಪುಡಿ ಮಾತ್ರ ದಿನವೂ. ಎಲ್ಲರೂ ಅದನ್ನು ಊಟದ ಮನೆ ಅನ್ನುತ್ತಿದ್ದರು.

ಹೊಸದಾಗಿ ಮದುವೆಯಾದಾಗ ಅವರು ಗಂಡನ ಜೊತೆ ಕೆಲವು ವರ್ಷ ಬೆಂಗಳೂರಿನಲ್ಲಿ ದುಡಿದಿದ್ದರಂತೆ. ಆಗ ಬೇಕರಿಯೊಂದರ ಹಿಂದಿನ ರೂಮಿನಲ್ಲಿದ್ದು ನೋಡಿ ಕಲಿತದ್ದು ಕೇಕು. ಯೂನಿಟ್ಟುಗಳಿಗೆ ರಜೆ ಇದ್ದ ದಿನ ದೊಡ್ಡ ಡಬರಿಗೆ ಮರಳು ಸುರಿದು, ಒಳಗೊಂದು ತಪ್ಪಲೆ ಇಟ್ಟು, ಮುಚ್ಚಳದ ಮೇಲೆ ಕೆಂಡ ಹಾಕುತ್ತಿದ್ದರು. ಗಡಿಯಾರ ನೋಡುತ್ತಿರಲಿಲ್ಲ. ಹೊರಗೆ ಕಟ್ಟೆಯ ಮೇಲೆ ಕುಳಿತು ಹರಟುತ್ತಿದ್ದವರು ಇದ್ದಕ್ಕಿದ್ದಂತೆ ತಲೆ ಎತ್ತಿ, "ವಾಸನಿ ಬಂತು, ಇಳಸು ಹೋಗು" ಅನ್ನುತ್ತಿದ್ದರು. ನನಗೆ ಇನ್ನೂ ಏನೂ ಬಂದಿರುತ್ತಿರಲಿಲ್ಲ. ಇಳಿಸಿ ನೋಡಿದರೆ ಕೇಕು ಹದವಾಗಿ ಕೆಂಪಗಾಗಿರುತ್ತಿತ್ತು.

ಕೇಕು ಮಾಡದ ರಜೆಯಲ್ಲಿ ನನ್ನನ್ನು ಹೋಟೆಲಿಗೆ ಎಳೆದುಕೊಂಡು ಹೋಗುತ್ತಿದ್ದರು. ಮಂಡಕ್ಕಿ ಒಗ್ಗರಣೆಯ ಉಗ್ಗಾಣಿ, ಮಿರ್ಚಿ ಬಜ್ಜಿ. "ದಿನಾ ನಮ್ಮ ಕೈದಾಗಿಂದs ತಿಂದ್ರ ನಾಲಿಗಿ ಕುರುಡಾಗ್ತೈತಿ. ಬ್ಯಾರೆಯವರ ಕೈದು ತಿನ್ನಬೇಕು" ಅನ್ನುತ್ತಿದ್ದರು. ತಿನ್ನುತ್ತ ಮಂಡಕ್ಕಿಗೆ ಏನೇನು ಬಿದ್ದಿದೆ ಎಂದು ಒಂದೊಂದೇ ಹೇಳುವುದು, ಕೊನೆಗೆ ಅಡುಗೆಯವನನ್ನೇ ಕರೆದು ಕೇಳುವುದು. ಅವರ ಜೊತೆ ಹೋಟೆಲಿನಲ್ಲಿ ಕುಳಿತುಕೊಳ್ಳಲು ನನಗೆ ನಾಚಿಕೆಯಾಗುತ್ತಿತ್ತು, ಖುಷಿಯೂ ಆಗುತ್ತಿತ್ತು.

ಒಂದು ಶನಿವಾರ ಅಕ್ಕ ನೇಮಕಲ್ಲಿನ ಆಂಜನೇಯನ ಗುಡಿಗೆ ಹೋಗಿ ಬರುವಾಗ ಆಟೋ ತಗ್ಗಿಗೆ ಇಳಿದು ಮಗುಚಿತು. ಅವರ ತಲೆಯ ಹಿಂಭಾಗಕ್ಕೆ ಪೆಟ್ಟಾಯಿತು. ಗಾಯ ಬೇಗ ಮಾಯಿತು. ಮತ್ತೆ ಒಲೆ ಹಚ್ಚಿದರು. ಎಲ್ಲ ಮೊದಲಿನಂತೆಯೇ ಆಯಿತು ಅಂದುಕೊಂಡೆವು.

ಒಂದು ಬೆಳಿಗ್ಗೆ ಗುಂಡಿ ಹಾಕುತ್ತ ಕುಳಿತಿದ್ದೆ, ಹಾಲು ಸೀದ ವಾಸನೆ. ಓಡಿಹೋಗಿ ನೋಡಿದರೆ ಅಕ್ಕ ಒಲೆಯ ಪಕ್ಕದಲ್ಲೇ ಒಲೆಗೆ ಬೆನ್ನು ಮಾಡಿ ಕುಳಿತು ಸೊಪ್ಪು ಸೋಸುತ್ತಿದ್ದಾರೆ. ಅವರ ಬೆನ್ನ ಹಿಂದೆ ಪಾತ್ರೆಯಿಂದ ಹೊಗೆ ಏಳುತ್ತಿದೆ.

"ಅಕ್ಕ, ಹಾಲು ಸೀದು ಕರ್ರಗಾಗೈತಲ್ಲ, ಗೊತ್ತಾಗ್ಲಿಲ್ವಾ?"

ತಿರುಗಿ ಪಾತ್ರೆಯನ್ನೇ ನೋಡಿದರು. ಆಮೇಲೆ, "ಬಾಗಿಲು ಹಾಕು" ಅಂದರು. ಹಾಕಿದೆ. "ನನಗ ಯಾವ ವಾಸನೀನೂ ಬರಂಗಿಲ್ಲ. ಆಟೋ ಬಿದ್ದಾಗಿಂದ. ಬಾಯಾಗ ಏನಿಟ್ರೂ ಮಣ್ಣು. ಬಳ್ಳಾರಿ ಡಾಕ್ಟ್ರು ನರ ಹರದೈತಿ, ಬಂದ್ರ ಬರಬೌದು, ಇಲ್ಲಂದ್ರ ಇಲ್ಲ ಅಂದ್ರು. ಯಾರಿಗೂ ಹೇಳಬ್ಯಾಡ. ಊಟಕ್ಕ ಬರೋರು ನಿಂತ್ರ ನನ್ನ ಕತಿ ಏನು?"

ಅಂದಿನಿಂದ ಅವರ ಅಡುಗೆಯ ರುಚಿ ನೋಡುವ ಕೆಲಸ ನನ್ನದಾಯಿತು. ಊಟದ ಹೊತ್ತಿಗೆ ಮುಂಚೆ ಹಿತ್ತಲ ಬಾಗಿಲಿನಿಂದ ಹೋಗಿ ಬರುತ್ತಿದ್ದೆ. ಅಕ್ಕ ಸೌಟು ಚಾಚಿ ನನ್ನ ಮುಖವನ್ನೇ ನೋಡುತ್ತಿದ್ದರು. ಮೊದಮೊದಲು, "ಹುಳಿ ಮುಂದಾತೇನು?" ಎಂದು ಕೇಳುತ್ತಿದ್ದವರು ಬರಬರುತ್ತ ಕೇಳುವುದನ್ನೂ ಬಿಟ್ಟರು. ನಾನು ಹೇಳಿದಷ್ಟು ಹಾಕುತ್ತಿದ್ದರು, ಅಷ್ಟೆ. ಯೂನಿಟ್ಟಿನ ಕೆಲಸ ಹೆಚ್ಚಿದ ದಿನ ನನಗೆ ಹೋಗಲಾಗುತ್ತಿರಲಿಲ್ಲ. ಕೇಕಿನ ಡಬರಿ ಅಟ್ಟ ಸೇರಿತು. ಹೋಟೆಲಿಗೆ ಕರೆದರೆ, "ನೀ ಹೋಗಿ ಬಾ" ಅನ್ನುತ್ತಿದ್ದರು. ಸೀರೆ ಸಡಿಲವಾಗುವಷ್ಟು ಇಳಿದುಹೋದರು.

ಬೇಸಿಗೆಯಲ್ಲಿ ತಂಗಿಯ ಸೀಮಂತಕ್ಕೆಂದು ಅಗಳಿಗೆ ಹೋಗಿದ್ದೆ. ವಾಪಸ್ಸು ಬಂದಾಗ ಊಟದ ಮನೆಗೆ ಬೀಗ. ಹಿಂದಿನ ದಿನ ಬೇಳೆ ಹಳಸಿತ್ತಂತೆ. ಅಕ್ಕನಿಗೆ ತಿಳಿದಿಲ್ಲ, ಹಸಿದು ಬಂದವರು ಉಂಡೆದ್ದಿದ್ದಾರೆ. ಸಂಜೆಗೆ ಕೆಲವರಿಗೆ ವಾಂತಿ. ಅವರಲ್ಲಿ ಒಬ್ಬ ಟೈಲರಿಗೆ ಡ್ರಿಪ್ ಹಾಕುವಷ್ಟಾಗಿತ್ತು. ಆತ ಓಬಳಾಪುರದ ಕಡೆಯವನು. ಗಣಿ ಲಾರಿ ಓಡಿಸುತ್ತಿದ್ದವನು, ಗಣಿ ನಿಂತ ಮೇಲೆ ದೊಡ್ಡ ವಯಸ್ಸಿನಲ್ಲಿ ಹೊಲಿಗೆ ಕಲಿತು ಬಂದಿದ್ದ.

ಆಸ್ಪತ್ರೆಗೆ ಓಡಿದೆ. ಅಕ್ಕ ಅವನ ಮಂಚದ ಪಕ್ಕ ನೆಲದ ಮೇಲೆ ಕುಳಿತಿದ್ದರು. ನಾನು ಬಂದದ್ದನ್ನು ನೋಡಿ ಧೈರ್ಯ ಬಂತೋ ಏನೋ, ಎದ್ದು ನಿಂತರು.

"ನನಗ ವಾಸನಿ ತಿಳಿಯಂಗಿಲ್ಲಪ್ಪ, ರುಚೀನೂ ಇಲ್ಲ. ನಿಮಗ ಹೇಳದs ಉಣಿಸಿದೆ" ಅಂದರು.

"ಗೊತ್ತೈತ್ರಿ ಅಕ್ಕ" ಅಂದ ಆತ.

"ಏನು ಗೊತ್ತೈತಿ?"

"ಒಂದಿನ ಉಪ್ಪs ಇರಂಗಿಲ್ಲ, ಒಂದಿನ ಎರಡು ಸಲ ಬಿದ್ದಿರ್ತೈತಿ. ನಾವೆಲ್ಲ ಜೇಬಿನಾಗ ಉಪ್ಪಿನ ಪೊಟ್ಟಣ ಇಟ್ಕಂಡು ಬರ್ತಿದ್ವಿ. ನೀವು ಒಳಗ ಹೋದಾಗ ಹಾಕ್ಕಂತಿದ್ವಿ. ನಿಮಗ ಏನೋ ಆಗೈತಿ ಅಂತ ಎಲ್ಲಾರ್ಗೂ ಗೊತ್ತಿತ್ರಿ."

"ಮತ್ತ ಯಾಕ ಉಂಡ್ರಿ?"

"ಬ್ಯಾರೆ ಕಡೆ ಯಾರೂ ಇನ್ನೊಂದು ರೊಟ್ಟಿ ಹಾಕ್ಲೇನು ಅಂತ ಕೇಳಂಗಿಲ್ರಿ" ಅಂದ.

ನಾನು, ಸದ್ಯ, ಎಲ್ಲ ಸರಿಹೋಯಿತು ಅಂದುಕೊಂಡೆ. ಅಕ್ಕ ಮಾತ್ರ ದಾರಿಯುದ್ದಕ್ಕೂ ನನಗಿಂತ ಮುಂದೆ ನಡೆದರು. ಮನೆಯ ಬಾಗಿಲಲ್ಲಿ ನಿಂತು, "ಬೈದಿದ್ರ ನಾಳಿಂದ ಮತ್ತ ಮಾಡ್ತಿದ್ದೆ. ಗೊತ್ತಿದ್ದೂ ಉಂಡಾರ. ನಾ ಏನು ಹಾಕಿದ್ರೂ ಉಣ್ತಾರ. ಇನ್ನ ನಾ ಒಲಿ ಹಚ್ಚಬಾರದು" ಅಂದರು. ಟೈಲರುಗಳು ಬಂದು ಕೇಳಿದರು. ನಾನೂ ಕೇಳಿದೆ, ನಾನೇ ಪಕ್ಕದಲ್ಲಿ ನಿಲ್ಲುತ್ತೇನೆ ಅಂದೆ. ಅವರು ಒಪ್ಪಲಿಲ್ಲ. ಮಳೆಗಾಲಕ್ಕೆ ಮುಂಚೆ ಮಗಳ ಮನೆಗೆ ಹೊರಟುಹೋದರು.

ಒಮ್ಮೆ ಬೆಂಗಳೂರಿಗೆ ಹೋದಾಗ ಹುಡುಕಿಕೊಂಡು ಹೋದೆ. ಮಗಳು ಕೆಲಸಕ್ಕೆ ಹೋಗಿದ್ದಳು. ಅಕ್ಕ ಒಬ್ಬರೇ ಗ್ಯಾಸ್ ಒಲೆಯ ಮುಂದೆ ನಿಂತಿದ್ದರು, ಒಲೆ ಆರಿತ್ತು. "ಈಗೀಗ ಸೀದ ವಾಸನಿ ಬರ್ತೈತಿ. ಬಂದು ನೋಡ್ತೀನಿ, ಏನೂ ಇರಂಗಿಲ್ಲ" ಅಂದರು. ದಿನಕ್ಕೆ ಎಷ್ಟೋ ಸಲ ಹಾಗೆ ಎದ್ದು ಬಂದು ನೋಡುತ್ತಾರಂತೆ. ಬಂದದ್ದು ಒಂದೇ ವಾಸನೆ, ಅದೂ ಇಲ್ಲದ್ದು.

ಒತ್ತಾಯ ಮಾಡಿ ಹೋಟೆಲಿಗೆ ಕರೆದುಕೊಂಡು ಹೋದೆ. ಮಸಾಲೆ ದೋಸೆ ಬಂತು. ಅಕ್ಕ ಅಂಚು ಮುರಿದು ಬಾಯಿಗಿಟ್ಟು, "ಸಪ್ಪಳ ಐತಿ, ಬಿಸಿ ಐತಿ, ಖಾರ ಸುಡ್ತೈತಿ. ಉಳಿದದ್ದು ನೀ ಹೇಳು" ಅಂದರು.

ಹೇಳಿದೆ. ತುಪ್ಪ ಬಿಸಿಯಾಗಿ ಘಮ್ ಅಂತೈತೆ, ಪಲ್ಯದಾಗೆ ಈರುಳ್ಳಿ ಸಿಹಿಯಾಗೈತೆ, ಚಟ್ನಿಗೆ ಹುರಿಗಡ್ಲೆ ಒಂಚೂರು ಹೆಚ್ಚಾಗೈತೆ... ಅವರು ಕಣ್ಣು ಮುಚ್ಚಿ ಅಗಿಯುತ್ತಿದ್ದರು. ಹುರಿಗಡಲೆಯ ಮಾತಿಗೆ ನಕ್ಕರು. ಆಮೇಲೆ ಕಣ್ಣು ಬಿಟ್ಟು, "ಸಾಕು, ನಿನ್ನದು ಆರ್ತೈತಿ, ತಿನ್ನು" ಅಂದರು. ಅವರ ತಟ್ಟೆಯಲ್ಲಿ ಅರ್ಧ ದೋಸೆ ಉಳಿಯಿತು.

ಆಮೇಲೆ ನೋಡಲಿಲ್ಲ. ಹೋದ ವರ್ಷ ತೀರಿಕೊಂಡರು. ಮಗಳ ಫೋನು ಬರುವ ಹೊತ್ತಿಗೆ ತಿಥಿಯೂ ಮುಗಿದಿತ್ತು. ಈಗ ಅವರ ಮನೆಯಲ್ಲಿ ಯಾರೋ ಪ್ಯಾಂಟಿನ ಬಂಡಲುಗಳನ್ನು ತುಂಬಿದ್ದಾರೆ, ಕಿಟಕಿ ಕೂಡ ತೆರೆಯುವುದಿಲ್ಲ. ಮಧ್ಯಾಹ್ನ ಟೈಲರುಗಳು ಬಸ್ ಸ್ಟ್ಯಾಂಡಿನ ಕಡೆ ನಡೆಯುತ್ತಾರೆ.

ಈಚೆಗೆ ಓಬಳಾಪುರದ ಆ ಟೈಲರ್ ನನ್ನ ಗಂಡನಿಗೆ ಫೋನು ಮಾಡಿದ್ದ. ಈಗ ಬಳ್ಳಾರಿಯಲ್ಲಿ ಹೊಲಿಯುತ್ತಾನಂತೆ. ಅಕ್ಕನ ಸುದ್ದಿ ಅವನಿಗೆ ತಿಳಿದಿರಲಿಲ್ಲ. ಫೋನು ಇಸಿದುಕೊಂಡು ನಾನೇ ಹೇಳಿದೆ. ಆ ಕಡೆ ಮಷಿನ್ ಸದ್ದು ನಿಂತಿತು.

"ಕೊನಿಗೆ ವಾಸನಿ ಬಂದಿತ್ತೇನ್ರಿ ಅಕ್ಕಗ?" ಎಂದು ಕೇಳಿದ.

ನನಗೆ ಗೊತ್ತಿಲ್ಲ. ಮಗಳನ್ನು ಕೇಳಬಹುದು. ಇನ್ನೂ ಕೇಳಿಲ್ಲ.